‘ಊಟ ಸೇರುತ್ತಿಲ್ಲ’ ಎನ್ನುವ ಮಗುವನ್ನು ಏನೆಂದು ಕೇಳಬೇಕು? ಈಟಿಂಗ್ ಡಿಸಾರ್ಡರ್ ಸಂಶೋಧನೆಯಲ್ಲಿ ಯಾವುದು ಮೊದಲಾಗಬೇಕು?

ಹಾಸನದ ತಾಯಿ (ಚರ್ಚೆ ಆರಂಭಿಸಿದವರು)

ನನ್ನ ಮಗಳಿಗೆ ಈಗ ಹತ್ತೊಂಬತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ಊಟ ಬಿಡತೊಡಗಿದಳು. ಬಿಟ್ಟಿದ್ದಾಳೆಂದು ನಮಗೆ ತಿಳಿಯಲೇ ಇಲ್ಲ, ಏಕೆಂದರೆ ಅದೇ ದಿನಗಳಲ್ಲಿ ಅವಳು ಅಡುಗೆಮನೆಗೆ ಹೆಚ್ಚು ಬರತೊಡಗಿದ್ದಳು. ಭಾನುವಾರ ಎಲ್ಲರಿಗೂ ಅವಳೇ ಬಡಿಸುವಳು. ಅಪ್ಪನ ತಟ್ಟೆಗೆ ಎರಡನೆಯ ಸಲ ತುಪ್ಪ ಹಾಕುವಳು, ತಮ್ಮನ ದೋಸೆ ಗರಿಗರಿಯಾಗುವವರೆಗೆ ಒಲೆಯ ಮುಂದೆ ನಿಂತಿರುವಳು. ‘ನೀನೂ ಕೂತುಕೊಳ್ಳೇ’ ಎಂದರೆ ‘ನಿಮ್ಮದೆಲ್ಲ ಆಗಲಿ, ನಾನು ಆಮೇಲೆ ಮಾಡುತ್ತೇನೆ’ ಎನ್ನುವಳು. ನಮ್ಮ ಅತ್ತೆಯವರು ಬಂದವರೆದುರು ‘ಎಂಥ ಲಕ್ಷಣವಾದ ಹುಡುಗಿ, ಎಲ್ಲರೂ ಉಂಡ ಮೇಲೆ ಉಣ್ಣುತ್ತಾಳೆ’ ಎಂದು ಹೊಗಳುತ್ತಿದ್ದರು. ನಾನೂ ಹಿಗ್ಗಿದ್ದೆ. ಆ ‘ಆಮೇಲೆ’ ಬರುತ್ತಲೇ ಇರಲಿಲ್ಲ.

ಮುಟ್ಟು ನಿಂತಿತು. ಏಪ್ರಿಲ್ ಸೆಖೆಯಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಕೇಳಿದರೆ ಒಂದೇ ಮಾತು: ‘ಊಟ ಸೇರುತ್ತಿಲ್ಲಮ್ಮ, ಹೊಟ್ಟೆ ಭಾರ.’ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು, ಜಂತುಹುಳುವಿನ ಔಷಧಿ ಕೊಟ್ಟರು, ಕ್ಷಯವಿರಬಹುದೆಂದು ಎಕ್ಸ್‌ರೇ ತೆಗೆದರು, ಥೈರಾಯ್ಡ್ ನೋಡಿದರು, ಕೊನೆಗೆ ಎಂಡೋಸ್ಕೋಪಿಯೂ ಆಯಿತು. ಮನೆಯಲ್ಲಿ ದೃಷ್ಟಿ ತೆಗೆದೆವು, ದೇವರಿಗೆ ಹರಕೆ ಹೊತ್ತೆವು. ಹದಿನಾಲ್ಕು ತಿಂಗಳು ಹೀಗೇ ಹೋಯಿತು. ಒಂದು ಬೆಳಗ್ಗೆ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಕುಸಿದು ಬಿದ್ದಾಗ, ಅವಳ ನಾಡಿ ಹಿಡಿದ ಯುವ ವೈದ್ಯೆಯೊಬ್ಬರು ನಮ್ಮನ್ನು ಹೊರಗೆ ಕೂರಿಸಿ, ಅವಳೊಬ್ಬಳ ಜೊತೆ ಅರ್ಧ ಗಂಟೆ ಮಾತನಾಡಿದರು. ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರನ್ನು ನಾವು ಮೊದಲು ಕೇಳಿದ್ದು ಅಂದು. ಊಟ ಬಿಟ್ಟು ಮೈ ಸೊರಗುತ್ತಾ ಹೋಗುವ ಮನಸ್ಸಿನ ಕಾಯಿಲೆಯಂತೆ. ಇಂಥ ಕಾಯಿಲೆಗಳನ್ನೆಲ್ಲ ಒಟ್ಟಾಗಿ ಈಟಿಂಗ್ ಡಿಸಾರ್ಡರ್ ಎನ್ನುತ್ತಾರಂತೆ.

ಈಗ ಅವಳು ಕಾಲೇಜಿಗೆ ಹೋಗುತ್ತಾಳೆ, ನಮ್ಮೊಂದಿಗೆ ಕೂತು ಊಟ ಮಾಡುತ್ತಾಳೆ. ಅವಳ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನನ್ನ ಪ್ರಶ್ನೆ ಇದು: ಈ ಕಾಯಿಲೆಯ ಬಗ್ಗೆ ನಮ್ಮಲ್ಲಿ ಸಂಶೋಧನೆ ಮಾಡಲು ಹಣವೂ ಜನವೂ ಸಿಕ್ಕರೆ ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು? ನನ್ನ ಮಟ್ಟಿಗೆ, ಆ ಹದಿನಾಲ್ಕು ತಿಂಗಳು ಎಲ್ಲಿ ಕಳೆದುಹೋಯಿತು ಎಂಬುದನ್ನು. ನಿಮ್ಮ ಲೆಕ್ಕದಲ್ಲಿ ಯಾವುದು?

ಸಂಚಾಲಕಿ

ಅಮ್ಮ, ಬರೆದದ್ದಕ್ಕೆ ವಂದನೆಗಳು. ಎಲ್ಲರಲ್ಲೂ ಒಂದು ವಿನಂತಿ: ತೂಕದ ಅಂಕಿ, ದಿನದ ಕ್ಯಾಲೊರಿ, ‘ಹೀಗೆ ಮಾಡಿ ಇಳಿಸಿದೆ’ ಎಂಬ ವಿವರ ಯಾವುದನ್ನೂ ಬರೆಯಬೇಡಿ. ಇದನ್ನು ಓದುತ್ತಿರುವವರಲ್ಲಿ ಈಗಲೂ ಹೋರಾಡುತ್ತಿರುವ ಮಕ್ಕಳಿದ್ದಾರೆ. ತುರ್ತಾಗಿ ಮಾತನಾಡಬೇಕೆನಿಸಿದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ.

ಎಂ.ಡಿ. ವಿದ್ಯಾರ್ಥಿ, ಹುಬ್ಬಳ್ಳಿ

ಮನೋವೈದ್ಯಶಾಸ್ತ್ರ ಓದುತ್ತಿದ್ದೇನೆ. ಅಮ್ಮ, ನಿಮ್ಮ ಮಗಳ ‘ಊಟ ಸೇರುತ್ತಿಲ್ಲ, ಹೊಟ್ಟೆ ಭಾರ’ ಎಂಬ ಎರಡು ಮಾತಿನ ಹಿಂದೆ ದೊಡ್ಡ ಚರ್ಚೆಯೇ ಇದೆ. ಪಠ್ಯಪುಸ್ತಕ ತೆರೆದರೆ ಅನೊರೆಕ್ಸಿಯಾದ ಮುಖ್ಯ ಲಕ್ಷಣಗಳಲ್ಲಿ ದಪ್ಪಗಾಗುವ ಭಯವೂ ಒಂದು. ಆದರೆ ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 70 ರೋಗಿಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವರಿಗೆ ಆ ಭಯವೇ ಇರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ ಎಂದೇ ಅವರು ಹೇಳಿಕೊಂಡಿದ್ದರು. ದೆಹಲಿಯ ಏಮ್ಸ್‌ನ ವೈದ್ಯರು 1995ರಲ್ಲಿ ಐವರು ಯುವತಿಯರ ಬಗ್ಗೆ ಬರೆದರು. ಅವರಲ್ಲೂ ಊಟದ ನಿರಾಕರಣೆ, ಸೊರಗುವಿಕೆ ಇತ್ತು. ದೇಹದ ಆಕಾರದ ಚಿಂತೆ ಇರಲಿಲ್ಲ. ಹಾಗಾಗಿ ನಮ್ಮ ಕಡೆಯ ಕಾಯಿಲೆಯ ಸ್ವರೂಪವೇ ಬೇರೆ ಎಂಬುದು ನನ್ನ ಅಭಿಪ್ರಾಯ. ಮೊದಲು ಆಗಬೇಕಾದದ್ದು ಅದರ ವಿವರಣೆ.

ಇನ್ನೊಂದು ಸಂಗತಿ. ಜಗತ್ತಿನ ಎಲ್ಲೆಡೆ ಬಳಸುವ ಪ್ರಶ್ನಾವಳಿ ಈಟ್-26. 1982ರಲ್ಲಿ ಕೆನಡಾದಲ್ಲಿ ರೂಪುಗೊಂಡದ್ದು. ಇಪ್ಪತ್ತಾರು ಪ್ರಶ್ನೆಗಳು, ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಮುಂದಿನ ತಪಾಸಣೆ ಬೇಕು ಎಂದು ಅರ್ಥ. ಅದರಲ್ಲಿ ಒಂದು ಪ್ರಶ್ನೆ, ನೀವು ಆಹಾರವನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸುತ್ತೀರಾ ಎಂಬುದು. ಚಾಕು, ಫೋರ್ಕ್ ಹಿಡಿದು ತಿನ್ನುವ ಮೇಜಿನ ಮುಂದೆ ಅದು ಸೂಕ್ಷ್ಮವಾದ ಪ್ರಶ್ನೆ. ಅನ್ನ ಕಲಸಿ ತುತ್ತು ಮಾಡುವ, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವ ಕೈಗೆ ಅದರ ಅರ್ಥವೇನು? ತಿನ್ನುವುದರಲ್ಲಿ ಸಂಯಮ ತೋರಿಸುತ್ತೀರಾ ಎಂಬುದು ಇನ್ನೊಂದು. ನಮ್ಮ ಎಷ್ಟೋ ಮನೆಗಳಲ್ಲಿ ಅದಕ್ಕೆ ‘ಹೌದು’ ಎನ್ನುವುದೇ ಮರ್ಯಾದೆ.

ನೀಲಿ ಛತ್ರಿ

ಎಂ.ಡಿ. ಅವರೇ, ನಿಮ್ಮ ಎರಡನೆಯ ಭಾಗವನ್ನು ಪೂರ್ತಿ ಒಪ್ಪುತ್ತೇನೆ, ಮೊದಲನೆಯದನ್ನು ಒಪ್ಪಲಾರೆ. ನಾನು ಕಾಯಿಲೆಯಿಂದ ಹೊರಬಂದವಳು, ಈಗ ಮೂವತ್ತೊಂದು ವರ್ಷ. ನಾನೂ ಎಲ್ಲ ವೈದ್ಯರ ಮುಂದೆ ‘ಹೊಟ್ಟೆ ನೋವು’ ಎಂದೇ ಹೇಳಿದ್ದೆ. ನನ್ನೊಳಗೆ ದಪ್ಪಗಾಗುವ ಭಯ ಬೆಟ್ಟದಷ್ಟಿತ್ತು. ಆದರೆ ಎಂಟು ಜನರ ಮನೆಯಲ್ಲಿ, ಪಡಿತರದ ಅಕ್ಕಿ ಎಣಿಸಿ ಅಳೆದು ಹಾಕುವ ಅಮ್ಮನ ಮುಂದೆ, ‘ನನಗೆ ದಪ್ಪಗಾಗುವುದು ಬೇಡ, ಅದಕ್ಕೆ ಉಣ್ಣುವುದಿಲ್ಲ’ ಎಂದು ಹೇಳಲು ಬಾಯಿ ಬರುತ್ತದೆಯೇ? ಅದು ಸೊಕ್ಕಿನ ಮಾತಾಗುತ್ತದೆ. ಹೊಟ್ಟೆ ನೋವೆಂದರೆ ಬೈಯುವವರಿಲ್ಲ, ಮಜ್ಜಿಗೆಗೆ ಇಂಗು ಹಾಕಿ ಕೊಡುತ್ತಾರೆ.

ವ್ರತದ ಕಥೆಯೂ ಅಷ್ಟೇ. ಮೊದಲು ಸೋಮವಾರ ಒಪ್ಪೊತ್ತು. ಆಮೇಲೆ ಗುರುವಾರ ರಾಯರದು, ಶನಿವಾರ ಆಂಜನೇಯನದು, ಸಂಕಷ್ಟಿ, ಏಕಾದಶಿ. ಅಮ್ಮ ಸಂತೋಷಪಟ್ಟರು. ಆದರೆ ವ್ರತಕ್ಕೂ ನನ್ನ ಕಾಯಿಲೆಗೂ ಇದ್ದ ವ್ಯತ್ಯಾಸ ನನ್ನ ಅಜ್ಜಿಗೆ ಮಾತ್ರ ಗೊತ್ತಾಯಿತು. ಏಕಾದಶಿ ಮಾಡಿದವರು ದ್ವಾದಶಿ ಬೆಳಗಿನ ಪಾರಣೆಗೆ ಕಾಯುತ್ತಾರೆ. ಬೇಗ ಎದ್ದು, ಸ್ನಾನ ಮಾಡಿ, ಅಗಸೆ ಸೊಪ್ಪಿನ ಪಲ್ಯದ ಪರಿಮಳಕ್ಕೆ ಮೂಗರಳಿಸುತ್ತಾರೆ. ನನಗೆ ಆ ಬೆಳಗೆಂದರೆ ಕೈ ನಡುಗುತ್ತಿತ್ತು. ಅಜ್ಜಿ ನನ್ನ ಎಲೆಯ ಮುಂದೆ ಕೂತು, ‘ಪಾರಣೆ ಬೇಡವೆನ್ನುವ ಉಪವಾಸ ದೇವರದ್ದಲ್ಲ, ಮಗಳೇ’ ಎಂದರು.

ಕಾಯಿಲೆಯೇ ಬೇರೆ ಎಂದು ಬರೆಯುವ ಮುನ್ನ, ಅದನ್ನು ಹೇಳಲು ನಮಗಿದ್ದ ಮಾತುಗಳು ಯಾವುವು ಎಂದು ಕೇಳಿ.

ಎಂ.ಡಿ. ವಿದ್ಯಾರ್ಥಿ, ಹುಬ್ಬಳ್ಳಿ

ಅಕ್ಕಾ, ನಾನು ಅವಸರದಲ್ಲಿ ತೀರ್ಮಾನಕ್ಕೆ ಬಂದಿದ್ದೆ, ಒಪ್ಪಿಕೊಳ್ಳುತ್ತೇನೆ. ಭಯ ನಿಜವಾಗಿಯೂ ಇಲ್ಲವೋ, ಹೇಳಿಕೊಳ್ಳಲು ದಾರಿಯಿಲ್ಲವೋ ಎಂಬುದನ್ನು ಒಂದೇ ಭೇಟಿಯಲ್ಲಿ ಬೇರ್ಪಡಿಸಲು ಆಗುವುದಿಲ್ಲ. ಒಂದೇ ವ್ಯಕ್ತಿಯನ್ನು ವರ್ಷವಿಡೀ ಮತ್ತೆ ಮತ್ತೆ ಭೇಟಿಯಾಗಬೇಕು. ತಾಯಿ ಪಕ್ಕದಲ್ಲಿದ್ದಾಗ ಕೊಟ್ಟ ಉತ್ತರ, ಒಬ್ಬಳೇ ಇದ್ದಾಗ ಕೊಟ್ಟ ಉತ್ತರ, ಕಾಗದದ ಮೇಲೆ ಬರೆದ ಉತ್ತರ ಮೂರನ್ನೂ ಹೋಲಿಸಬೇಕು. ಇದಕ್ಕೆ ದುಬಾರಿ ಯಂತ್ರ ಬೇಡ, ತಾಳ್ಮೆ ಇದ್ದರೆ ಸಾಕು. ಪಾರಣೆಯ ಮಾತನ್ನು ನಾನು ಡೈರಿಯಲ್ಲಿ ಬರೆದುಕೊಂಡೆ. ‘ಉಪವಾಸ ಮುರಿಯುವ ಹೊತ್ತು ಬಂದಾಗ ನಿನಗೆ ಖುಷಿಯಾಗುತ್ತದೆಯೋ, ಭಯವಾಗುತ್ತದೆಯೋ?’ ಇಷ್ಟು ಚೆನ್ನಾದ ಪ್ರಶ್ನೆಯನ್ನು ನಾನು ಯಾವ ಪ್ರಶ್ನಾವಳಿಯಲ್ಲೂ ಓದಿಲ್ಲ.

ಹಾಸನದ ತಾಯಿ

ಇಬ್ಬರ ಮಾತನ್ನೂ ಮಗಳಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಅಮ್ಮ, ನನಗೆ ಎರಡೂ ನಿಜ. ಮೊದಲು ಯಾರೋ ಏನೋ ಅಂದರು ಎಂದು ಊಟ ಕಡಿಮೆ ಮಾಡಿದೆ. ಆಮೇಲೆ ಹೊಟ್ಟೆ ನಿಜವಾಗಿಯೂ ಭಾರವಾಯಿತು, ಎರಡು ತುತ್ತಿಗೆ ಕಲ್ಲು ನುಂಗಿದ ಹಾಗೆ. ಆಗ ಏಕೆ ಬಿಟ್ಟೆ ಎಂಬುದೇ ಮರೆತುಹೋಗಿತ್ತು.’

ಡಯಟೀಷಿಯನ್, ಮೈಸೂರು

ನಿಮ್ಮ ಮಗಳು ಹೇಳಿದ್ದು ಶರೀರಶಾಸ್ತ್ರದ ಪ್ರಕಾರ ಸರಿ. ಬಹುಕಾಲ ಅರೆಹೊಟ್ಟೆಯಲ್ಲಿದ್ದರೆ ಜಠರ ಖಾಲಿಯಾಗುವ ವೇಗವೇ ಕುಗ್ಗುತ್ತದೆ. ಹೊಟ್ಟೆ ಭಾರ ಎಂಬುದು ನೆಪವಲ್ಲ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಒಂದು ಪ್ರಯೋಗ ನಡೆಸಿದರು. ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದ 36 ಆರೋಗ್ಯವಂತ ಯುವಕರು ತಾವಾಗಿ ಮುಂದೆ ಬಂದು ಇಪ್ಪತ್ನಾಲ್ಕು ವಾರ ಅರೆಹೊಟ್ಟೆಯಲ್ಲಿದ್ದರು. ಅವರಿಗೆ ದೇಹದ ಬಗ್ಗೆ ಯಾವ ಚಿಂತೆಯೂ ಇರಲಿಲ್ಲ. ಆದರೂ ವಾರಗಳು ಕಳೆದಂತೆ ಸದಾ ಊಟದ್ದೇ ಧ್ಯಾನ, ಅಡುಗೆ ಪುಸ್ತಕ ಓದುವುದು, ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂರುವುದು, ಚಳಿ, ಖಿನ್ನತೆ, ಒಂಟಿತನ ಎಲ್ಲವೂ ಬಂದವು. ನಿಮ್ಮ ಮಗಳು ಎಲ್ಲರಿಗೂ ಬಡಿಸುತ್ತಾ ಒಲೆಯ ಮುಂದೆ ನಿಂತದ್ದನ್ನು ಓದುವಾಗ ನನಗೆ ಅದೇ ನೆನಪಾಯಿತು. ಯಾವ ಲಕ್ಷಣ ಕಾಯಿಲೆಯದ್ದು, ಯಾವುದು ಹಸಿವಿನದ್ದು ಎಂಬ ಗೆರೆ ಇಂದಿಗೂ ಪೂರ್ತಿ ಸ್ಪಷ್ಟವಾಗಿಲ್ಲ.

ನನ್ನ ಆದ್ಯತೆ ಬೇರೆ: ಮತ್ತೆ ಊಟ ಕೊಡಲು ಆರಂಭಿಸುವ ಮೊದಲ ಹತ್ತು ದಿನ. ಬಹಳ ಸೊರಗಿದವರಿಗೆ ಏಕಾಏಕಿ ಊಟ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ಇದಕ್ಕೆ ರಿಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಆ ಹೆದರಿಕೆಯಿಂದ ತೀರಾ ಕಡಿಮೆಯಿಂದ ಶುರು ಮಾಡುವ ಪದ್ಧತಿ ಬಂತು. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗ, ಆಸ್ಪತ್ರೆಯಲ್ಲಿ ನಿಗಾ ಇಟ್ಟು ತುಸು ಹೆಚ್ಚಿನ ಪ್ರಮಾಣದಿಂದಲೇ ಶುರು ಮಾಡಿದರೆ ಹದಿಹರೆಯದವರು ಬೇಗ ಸ್ಥಿರವಾಗುತ್ತಾರೆ, ಅಪಾಯವೇನೂ ಹೆಚ್ಚುವುದಿಲ್ಲ ಎಂದು ತೋರಿಸಿತು. ಆದರೆ ಅದು ಅಲ್ಲಿನ ಆಸ್ಪತ್ರೆ, ಅಲ್ಲಿನ ಊಟ. ಫಾಸ್ಫೇಟ್ ವರದಿ ಮರುದಿನ ಕೈಗೆ ಬರುವ ಆಸ್ಪತ್ರೆಯಲ್ಲಿ, ಗಂಜಿ, ಮೊಸರನ್ನ, ಅಂಬಲಿ, ಇಡ್ಲಿಯಿಂದ ಶುರು ಮಾಡುವ ನಮ್ಮ ರೋಗಿಗೆ ಸುರಕ್ಷಿತ ಕ್ರಮ ಯಾವುದು? ಅದನ್ನು ಇಲ್ಲೇ ಅಳೆದು ನೋಡಬೇಕು. ಓದುವವರು ದಯವಿಟ್ಟು ಇದನ್ನು ಮನೆಯಲ್ಲಿ ತಾವಾಗಿಯೇ ಪ್ರಯತ್ನಿಸಬಾರದು.

ಅಂಗನವಾಡಿ ಟೀಚರ್, ರಾಯಚೂರು

ನಾನು ಓದಿದ್ದು ಕಡಿಮೆ, ತಪ್ಪಿದ್ದರೆ ತಿದ್ದಿ. ಕಿಶೋರಿಯರ ತೂಕ ನೋಡಿ ರಿಜಿಸ್ಟರ್‌ನಲ್ಲಿ ಬರೆಯುವ ಕೆಲಸ ನಮಗಿತ್ತು. ಸೊರಗಿದ ಹುಡುಗಿ ಬಂದರೆ ನಮ್ಮ ತಲೆಗೆ ಮೊದಲು ಬರುವುದು ರಕ್ತಹೀನತೆ. ಬರಲೇಬೇಕು, ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಅದಿದೆ. ಕಬ್ಬಿಣದ ಮಾತ್ರೆ ಕೊಟ್ಟು ಕಳುಹಿಸುತ್ತೇವೆ. ಆದರೆ ಉಣ್ಣಲು ಇಲ್ಲದವಳು ಯಾರು, ಇದ್ದೂ ಉಣ್ಣದವಳು ಯಾರು ಎಂದು ರಿಜಿಸ್ಟರ್ ನೋಡಿ ಹೇಳಲು ಬರುವುದಿಲ್ಲ. ಈ ಕಾಯಿಲೆ ಶ್ರೀಮಂತರ ಮನೆಯದು ಎಂದೇ ನಾನು ತಿಳಿದಿದ್ದೆ. ನೀಲಿ ಛತ್ರಿ ಅಕ್ಕ ಪಡಿತರದ ಅಕ್ಕಿಯ ಮಾತು ಬರೆದಾಗ ಎದೆ ಧಸಕ್ಕೆಂದಿತು. ನನ್ನ ಸಾಲಿನಲ್ಲಿ ಅಂಥವರು ಎಷ್ಟು ಜನ ಹಾದುಹೋಗಿರಬಹುದು?

ಎಂ.ಡಿ. ವಿದ್ಯಾರ್ಥಿ, ಹುಬ್ಬಳ್ಳಿ

ಟೀಚರ್, ತಿದ್ದುವುದೇನೂ ಇಲ್ಲ, ನೀವೇ ನಮಗೆ ಹೇಳಿಕೊಡುತ್ತಿದ್ದೀರಿ. ಅಮೆರಿಕದ ಟೆಕ್ಸಾಸ್‌ನಲ್ಲಿ ಉಚಿತ ಆಹಾರ ಕೇಂದ್ರಗಳಿಗೆ ಬರುವವರ ನಡುವೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮನೆಯಲ್ಲಿ ಊಟದ ಕೊರತೆ ಹೆಚ್ಚಿದ್ದಷ್ಟೂ ಅತಿಯಾಗಿ ತಿನ್ನುವ ಕಂತುಗಳೂ ಮನಸ್ಸಿನ ಸಂಕಟವೂ ಹೆಚ್ಚಿದ್ದವು. ತಿಂಗಳ ಕೊನೆಯಲ್ಲಿ ಡಬ್ಬಿ ಖಾಲಿ, ಪಡಿತರ ಬಂದ ದಿನ ತಡೆಯಲಾಗದ ಹಸಿವು ಎಂಬ ಏರಿಳಿತವೇ ಕಾಯಿಲೆಗೆ ದಾರಿಯಾಗಬಹುದು. ಬಡತನ ಇರುವಲ್ಲಿ ಈ ಕಾಯಿಲೆ ಇರುವುದಿಲ್ಲ ಎಂಬ ಊಹೆಯಿಂದಲೇ ಬಡವರನ್ನು ಯಾರೂ ಎಣಿಸಲಿಲ್ಲ.

ಹಲ್ಲಿನ ಡಾಕ್ಟರು, ದಾವಣಗೆರೆ

ಇಲ್ಲಿಯವರೆಗೆ ಅನೊರೆಕ್ಸಿಯಾದ್ದೇ ಮಾತಾಯಿತು. ಬುಲಿಮಿಯಾ ಎಂಬ ಇನ್ನೊಂದು ಈಟಿಂಗ್ ಡಿಸಾರ್ಡರ್ ಇರುವವರು ನೋಡಲು ಸಾಮಾನ್ಯವಾಗಿಯೇ ಇರುತ್ತಾರೆ. ಸೊರಗಿರುವುದಿಲ್ಲ, ಕುಸಿದು ಬೀಳುವುದೂ ಅಪರೂಪ. ಅತಿಯಾಗಿ ತಿಂದು, ನಾಚಿಕೆಯಿಂದ ವಾಂತಿ ಮಾಡಿ, ಬಾಗಿಲು ತೆರೆದು ನಗುತ್ತಾ ಹೊರಬರುತ್ತಾರೆ. ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಇದಕ್ಕೆ ಹೆಸರು ಕೊಟ್ಟದ್ದೇ 1979ರಲ್ಲಿ. ಮನೆಯವರಿಗಿಂತ ಮೊದಲು ಇದು ಕಾಣಿಸುವುದು ನಮ್ಮ ಪುಟ್ಟ ಕನ್ನಡಿಗೆ. ಮೇಲಿನ ಮುಂದಿನ ಹಲ್ಲುಗಳ ಒಳಬದಿ, ನಾಲಿಗೆಯ ಕಡೆಯ ಮುಖ, ಆಮ್ಲದಿಂದ ಸವೆದು ನುಣುಪಾಗಿರುತ್ತದೆ.

ಕಳೆದ ವರ್ಷ ಕಾಲೇಜು ಹುಡುಗಿಯೊಬ್ಬಳು ಹಲ್ಲು ಜುಮ್ಮೆನ್ನುತ್ತದೆ ಎಂದು ಬಂದಳು. ಕನ್ನಡಿ ಹಿಡಿದ ಕೂಡಲೇ ನನಗೆ ತಿಳಿಯಿತು. ಕೇಳಬೇಕೆಂದರೆ ಮಾತು ಹೊರಡಲಿಲ್ಲ. ಪಕ್ಕದಲ್ಲಿ ಅವಳ ಅಣ್ಣ ನಿಂತಿದ್ದ. ‘ನಿಂಬೆಹಣ್ಣು ಜಾಸ್ತಿ ತಿನ್ನುತ್ತೀಯಾ?’ ಎಂದೆ. ‘ಹೌದು ಡಾಕ್ಟರೇ’ ಎಂದಳು. ಇಬ್ಬರೂ ಆ ಸುಳ್ಳಿನ ಮರೆಯಲ್ಲಿ ನಿಂತೆವು. ಹಲ್ಲಿಗೆ ಫಿಲ್ಲಿಂಗ್ ಮಾಡಿ ಕಳುಹಿಸಿದೆ. ಅವಳು ಮತ್ತೆ ಬರಲಿಲ್ಲ. ಆ ಮಧ್ಯಾಹ್ನ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ನನ್ನಂಥವರಿಗೆ ಹೇಗೆ ಕೇಳಬೇಕು, ಕೇಳಿದ ಮೇಲೆ ಎಲ್ಲಿಗೆ ಕಳುಹಿಸಬೇಕು ಎಂದು ಅರ್ಧ ದಿನದ ತರಬೇತಿ ಕೊಟ್ಟರೆ ಎಷ್ಟು ಜನ ಬೇಗ ಚಿಕಿತ್ಸೆಗೆ ತಲುಪುತ್ತಾರೆ? ಇದನ್ನು ಒಂದು ಜಿಲ್ಲೆಯಲ್ಲಿ ಮಾಡಿ ನೋಡಬಹುದು. ಅಮ್ಮ ಕೇಳಿದ ಹದಿನಾಲ್ಕು ತಿಂಗಳ ಪ್ರಶ್ನೆಗೂ ಇದೇ ಉತ್ತರದ ಒಂದು ತುಣುಕು.

ಪಿಯು ಉಪನ್ಯಾಸಕ, ಉಡುಪಿ

ಇದೆಲ್ಲ ಮೊಬೈಲ್‌ನಿಂದ ಬಂದದ್ದಲ್ಲವೇ? ಮೊದಲು ಅದರ ಅಧ್ಯಯನ ಆಗಬೇಕು ಎಂದು ನನ್ನ ಅನಿಸಿಕೆ.

ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್, ಬೆಂಗಳೂರು

ಸರ್, ಮೊಬೈಲಿಗಿಂತ ಮುಂಚಿನ ಒಂದು ಉದಾಹರಣೆ ಇದೆ. ಫಿಜಿ ದ್ವೀಪಗಳ ನಡ್ರೋಗಾ ಪ್ರಾಂತ್ಯಕ್ಕೆ ಟಿ.ವಿ. ಬಂದದ್ದು 1995ರಲ್ಲಿ. ಆಗಷ್ಟೇ ಒಮ್ಮೆ, ಮೂರು ವರ್ಷದ ನಂತರ ಮತ್ತೊಮ್ಮೆ ಅಮೆರಿಕದ ಸಂಶೋಧಕಿ ಆನ್ ಬೆಕರ್ ಅಲ್ಲಿನ ಶಾಲಾ ಹುಡುಗಿಯರನ್ನು ಈಟ್-26ರಲ್ಲೇ ಪರೀಕ್ಷಿಸಿದರು. ಅಪಾಯದ ಅಂಕ ಪಡೆದವರು ಶೇ 12.7ರಿಂದ ಶೇ 29.2ಕ್ಕೆ ಏರಿದ್ದರು. ಮೈತುಂಬಿಕೊಂಡ ದೇಹವನ್ನು ಗೌರವದಿಂದ ಕಾಣುತ್ತಿದ್ದ ಸಮಾಜ ಅದು. ಹಾಗಾಗಿ ನಿಮ್ಮ ಸಂದೇಹಕ್ಕೆ ಆಧಾರವಿದೆ. ಆದರೆ ಇದಕ್ಕೆ ಬಹಳ ಮೊದಲೇ, 1870ರ ದಶಕದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್, ಪ್ಯಾರಿಸ್ಸಿನ ವೈದ್ಯ ಲಾಸೆಗ್ ಇದೇ ಕಾಯಿಲೆಯನ್ನು ವಿವರಿಸಿದ್ದರು. ಒಂದೇ ಫೋನ್ ನೋಡುವ ನಾಲ್ವರು ಗೆಳತಿಯರಲ್ಲಿ ಒಬ್ಬಳಿಗೆ ಮಾತ್ರ ಏಕೆ ಬರುತ್ತದೆ ಎಂಬುದು ಉಳಿದೇ ಇದೆ.

ನನ್ನ ಮುಖ್ಯ ಮಾತು ಚಿಕಿತ್ಸೆಯದು. ಹದಿಹರೆಯದ ಅನೊರೆಕ್ಸಿಯಾಕ್ಕೆ ಈಗ ಅತಿ ಹೆಚ್ಚು ಆಧಾರವಿರುವುದು ಕುಟುಂಬ ಆಧಾರಿತ ಚಿಕಿತ್ಸೆಗೆ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಹುಟ್ಟಿದ್ದು. 1987ರ ಮೊದಲ ಪ್ರಯೋಗದಲ್ಲಿ, ಹತ್ತೊಂಬತ್ತರೊಳಗೆ ಕಾಯಿಲೆ ಶುರುವಾಗಿ ಬಹಳ ವರ್ಷ ಕಳೆಯದವರಿಗೆ ಅದು ಹೆಚ್ಚು ಫಲ ಕೊಟ್ಟಿತು. ಅದರ ತಿರುಳು ಸರಳ: ಮಗುವಿಗೆ ಊಟ ಮಾಡಿಸುವ ಹೊಣೆಯನ್ನು ಕೆಲಕಾಲ ತಂದೆತಾಯಿ ಪೂರ್ತಿ ವಹಿಸಿಕೊಳ್ಳುತ್ತಾರೆ, ತಪ್ಪಿತಸ್ಥರಾಗಿ ಅಲ್ಲ, ವೈದ್ಯರ ಜೊತೆಗಾರರಾಗಿ.

ಈಗ ಅದನ್ನು ನಮ್ಮ ಮನೆಗೆ ತನ್ನಿ. ಒಬ್ಬ ಹುಡುಗಿಯ ಮನೆಗೆ ನಾನು ಹೋಗಿದ್ದೆ. ತಾಯಿ ಎರಡು ಚಪಾತಿ ಬಡಿಸಿ ಎದುರು ಕೂತಿದ್ದಾರೆ. ಮುಕ್ಕಾಲು ಗಂಟೆಯಾಗಿದೆ, ಮಗಳ ಕಣ್ಣಲ್ಲಿ ನೀರು, ತಾಯಿ ಕದಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಬಂದರು. ‘ಮಗು ಅಳುತ್ತಿದೆ, ನಿನಗೆ ಕರುಳಿಲ್ಲವೇ? ಬಿಡು, ಹಾಲು ಕುಡಿದು ಮಲಗಲಿ’ ಎಂದು ತಟ್ಟೆ ಎತ್ತಿಕೊಂಡು ಹೋದರು. ಹತ್ತು ದಿನದ ಶ್ರಮ ಒಂದು ಕ್ಷಣದಲ್ಲಿ ಹೋಯಿತು. ಇನ್ನೊಂದು ಮನೆಯಲ್ಲಿ ಇದಕ್ಕೆ ತದ್ವಿರುದ್ಧ: ತಾಯಿಯ ಕೈಯಿಂದ ಏನೂ ಆಗದಿದ್ದಾಗ ಅಜ್ಜಿಯ ಕೈತುತ್ತಿನಿಂದಲೇ ಹುಡುಗ ಉಣ್ಣತೊಡಗಿದ. ಕೂಡುಕುಟುಂಬ ಯಾವಾಗ ಬಲ, ಯಾವಾಗ ತೊಡಕು? ಪಿ.ಜಿ.ಯಲ್ಲಿ, ಹಾಸ್ಟೆಲಿನಲ್ಲಿ ಇರುವವರಿಗೆ ಆ ಹೊಣೆ ಯಾರದು? ಮದುವೆಯಾಗಿ ಹೋದ ಇಪ್ಪತ್ತೆರಡರ ಹೆಣ್ಣುಮಗಳಿಗೆ ‘ಕುಟುಂಬ’ ಎಂದರೆ ತವರೋ, ಅತ್ತೆಮನೆಯೋ? ಇದಕ್ಕೆ ಉತ್ತರ ಲಂಡನ್ನಿನಿಂದ ಬರುವುದಿಲ್ಲ.

ತುಮಕೂರಿನ ಅಪ್ಪ

ನನ್ನ ಮಗಳು ಈಗ ಆಸ್ಪತ್ರೆಯಲ್ಲಿದ್ದಾಳೆ, ಪಕ್ಕದಲ್ಲೇ ಕೂತು ಓದುತ್ತಿದ್ದೇನೆ. ಎರಡು ವಿಷಯ ಕೇಳಬೇಕಿತ್ತು. ಇದಕ್ಕೆ ಔಷಧಿಯೇ ಇಲ್ಲವೇ? ನಾವು ಮಾಡಿದ ಯಾವುದೋ ತಪ್ಪಿನಿಂದ ಹೀಗಾಯಿತೇ?

ಎಂ.ಡಿ. ವಿದ್ಯಾರ್ಥಿ, ಹುಬ್ಬಳ್ಳಿ

ಸರ್, ಮೊದಲು ಎರಡನೆಯದಕ್ಕೆ: ನೀವು ಕಾರಣರಲ್ಲ. 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಅನೊರೆಕ್ಸಿಯಾ ಇದ್ದ 16,992 ಜನರ ಜೀನುಗಳನ್ನು 55 ಸಾವಿರಕ್ಕೂ ಹೆಚ್ಚು ಇತರರ ಜೀನುಗಳೊಂದಿಗೆ ಹೋಲಿಸಿತು. ಕಾಯಿಲೆಗೆ ಸಂಬಂಧಿಸಿದ ಎಂಟು ತಾಣಗಳು ಸಿಕ್ಕವು. ಅದಕ್ಕಿಂತ ಮುಖ್ಯವಾದದ್ದು, ಆತಂಕ, ಗೀಳಿನಂಥ ಮನಸ್ಸಿನ ತೊಂದರೆಗಳ ಜೊತೆಗೆ ದೇಹದ ಚಯಾಪಚಯದೊಂದಿಗೂ (ಆಹಾರವನ್ನು ಶಕ್ತಿಯಾಗಿಸುವ ಕ್ರಿಯೆ) ಅದಕ್ಕೆ ಜೀನುಗಳ ನಂಟಿದೆ ಎಂಬುದು. ಹಟ, ಸೊಕ್ಕು, ಸಾಕಿದ ರೀತಿ ಎಂಬ ಮಾತುಗಳೆಲ್ಲ ಅದರ ಮುಂದೆ ನಿಲ್ಲುವುದಿಲ್ಲ. ಆದರೆ ಅವರೆಲ್ಲ ಯುರೋಪ್ ಮೂಲದವರು. ನಮ್ಮ ರಕ್ತದ ಮಾದರಿ ಅದರಲ್ಲಿಲ್ಲ. ಅದು ಸೇರಬೇಕು.

ಔಷಧಿ: ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬುಲಿಮಿಯಾಕ್ಕೆ ಫ್ಲುಆಕ್ಸೆಟಿನ್ ಅನ್ನು, ಬಿಂಜ್ ಈಟಿಂಗ್‌ಗೆ (ತಡೆಯಲಾಗದೆ ಅತಿಯಾಗಿ ತಿನ್ನುವ ಕಾಯಿಲೆ) 2015ರಲ್ಲಿ ಲಿಸ್‌ಡೆಕ್ಸ್‌ಆಂಫೆಟಮಿನ್ ಅನ್ನು ಒಪ್ಪಿದೆ. ಅನೊರೆಕ್ಸಿಯಾಕ್ಕೆಂದೇ ಅದು ಒಪ್ಪಿದ ಔಷಧಿ ಒಂದೂ ಇಲ್ಲ. ಒಲಾಂಜಪಿನ್ ಎಂಬ ಮನೋರೋಗದ ಔಷಧಿ ಕೆಲವರಲ್ಲಿ ತೂಕ ಸ್ವಲ್ಪ ಏರಲು ನೆರವಾಗಿದೆ, ಅಷ್ಟೇ. ಈಗ ಅವಳಿಗೆ ಊಟವೇ ಔಷಧಿ, ಪಕ್ಕದಲ್ಲಿ ಕೂತಿರುವ ನೀವೂ ಅದರ ಭಾಗ.

ತುಮಕೂರಿನ ಅಪ್ಪ

ಓದಿದೆ. ಹೆಂಡತಿಗೂ ಓದಿ ಹೇಳಿದೆ. ವಂದನೆಗಳು.

ಗರಡಿ ಮನೆ

ಗಂಡು ಹುಡುಗರ ವಿಷಯ ಯಾರೂ ಎತ್ತಲಿಲ್ಲ. ನಾನು ಕುಸ್ತಿ ಕಲಿಸುತ್ತೇನೆ. ತೂಕದ ವಿಭಾಗಕ್ಕೆ ಇಳಿಯಲು ಹುಡುಗರು ಪಂದ್ಯದ ಹಿಂದಿನ ದಿನಗಳಲ್ಲಿ ಪಡುವ ಪಾಡು ನೋಡಿದ್ದೇನೆ. ಪಂದ್ಯ ಮುಗಿದ ಮೇಲೂ ಅದನ್ನು ನಿಲ್ಲಿಸಲಾಗದವರನ್ನೂ ನೋಡಿದ್ದೇನೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಖರ್ಚಾಗುವಷ್ಟು ಆಹಾರ ತಿನ್ನದೆ ಕ್ರೀಡಾಪಟುಗಳಿಗೆ ಬರುವ ಶಕ್ತಿಯ ಕೊರತೆ ಹೆಣ್ಣುಮಕ್ಕಳದ್ದಷ್ಟೇ ಅಲ್ಲ, ಗಂಡಸರದ್ದೂ ಹೌದು ಎಂದಿತು. ಜಿಮ್ಮಿನಲ್ಲಿ ಮೈ ಕಟ್ಟುವ ಹುಡುಗನಿಗೆ ದಪ್ಪಗಾಗುವ ಭಯವಿಲ್ಲ, ಸಣ್ಣಗೆ ಕಾಣುವ ಭಯ. ಅದನ್ನು ಹಿಡಿಯುವ ಪ್ರಶ್ನೆ ಈಟ್-26ರಲ್ಲಿ ಎಲ್ಲಿದೆ?

ಮೆಲ್ಬರ್ನ್ ಕನ್ನಡಿಗ

ಹಣದ ಬಗ್ಗೆ ಒಂದು ಮಾತು. ಅಮೆರಿಕದ ಸರ್ಕಾರಿ ಸಂಶೋಧನಾ ಹಣವನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿದಾಗ, 2015ರ ಲೆಕ್ಕದಲ್ಲಿ ಈಟಿಂಗ್ ಡಿಸಾರ್ಡರ್ ಇರುವ ಒಬ್ಬರಿಗೆ ಸಿಕ್ಕದ್ದು ಒಂದು ಡಾಲರಿಗೂ ಕಡಿಮೆ, ಸುಮಾರು 73 ಸೆಂಟ್. ಸ್ಕಿಜೋಫ್ರೇನಿಯಾದ ಒಬ್ಬ ರೋಗಿಗೆ 80 ಡಾಲರಿಗೂ ಹೆಚ್ಚು. ಸ್ಕಿಜೋಫ್ರೇನಿಯಾದ ಹಣ ಕಡಿಮೆ ಮಾಡಿ ಎನ್ನುತ್ತಿಲ್ಲ. 36 ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯ ಪ್ರಕಾರ ಅನೊರೆಕ್ಸಿಯಾ ಇರುವವರಲ್ಲಿ ಸಾವಿನ ಪ್ರಮಾಣ ಅದೇ ವಯಸ್ಸಿನ ಇತರರಿಗಿಂತ ಆರು ಪಟ್ಟಿಗೆ ಹತ್ತಿರ. ಅಂಥ ಕಾಯಿಲೆಗೆ ಇಷ್ಟೇ.

ಇಲ್ಲಿ ಆಸ್ಟ್ರೇಲಿಯಾ 2021ರಿಂದ 2031ರವರೆಗಿನ ರಾಷ್ಟ್ರೀಯ ಸಂಶೋಧನಾ ಯೋಜನೆ ಮಾಡಿಕೊಂಡಿದೆ. ಅದರ ಆದ್ಯತೆಗಳನ್ನು ಗೊತ್ತುಮಾಡುವಾಗ ಕಾಯಿಲೆ ಅನುಭವಿಸಿದವರು, ಆರೈಕೆ ಮಾಡಿದ ಮನೆಯವರು, ವೈದ್ಯರು, ಸಂಶೋಧಕರು ಒಟ್ಟಿಗೆ ಇದ್ದರು. ಬ್ರಿಟನ್ನಿನಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ಸಂಸ್ಥೆ 2004ರಿಂದ ಬೇರೆ ಬೇರೆ ಕಾಯಿಲೆಗಳಿಗೆ ಇದೇ ರೀತಿ ಮಾಡುತ್ತಿದೆ. ಕರ್ನಾಟಕದಲ್ಲಿ ಅಂಥ ಸಭೆ ಸೇರಿದರೆ ಅಂಗನವಾಡಿ ಟೀಚರ್ ಅವರಿಗೂ ನೀಲಿ ಛತ್ರಿ ಅವರಿಗೂ ಅಲ್ಲಿ ಕುರ್ಚಿ ಇರಬೇಕು.

ನೀಲಿ ಛತ್ರಿ

ಆ ಕುರ್ಚಿಯಲ್ಲಿ ಕೂತರೆ ನಾನು ಕೇಳುವುದು ಇದನ್ನು: ಗುಣವಾದಳು ಎಂದು ಯಾವಾಗ ಬರೆಯುತ್ತೀರಿ? ನನಗೆ ತೂಕ ಬಂದ ದಿನ ಡಿಸ್ಚಾರ್ಜ್ ಮಾಡಿದರು. ಫೈಲಿನ ಮೇಲೆ ‘ಸುಧಾರಿಸಿದೆ’ ಎಂದು ಬರೆದರು. ಮನೆಯವರು ಸಿಹಿ ಹಂಚಿದರು. ಆದರೆ ತಲೆಯೊಳಗಿನ ಲೆಕ್ಕ ಮುಂದಿನ ಎರಡು ವರ್ಷ ನಿಲ್ಲಲಿಲ್ಲ. ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವರು ಸಾಲಿನ ಆ ತುದಿಯಲ್ಲಿದ್ದಾಗಲೇ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮೈ ಸರಿಹೋಗಿದೆ ಎಂದು ಎಲ್ಲರೂ ಕಣ್ಣು ತೆಗೆದದ್ದು ನನಗೆ ಅತಿ ಕಷ್ಟದ ಕಾಲದಲ್ಲೇ. ಡಿಸ್ಚಾರ್ಜ್ ಆದ ಮೇಲಿನ ಎರಡು ವರ್ಷವನ್ನು ಯಾರಾದರೂ ಅಧ್ಯಯನ ಮಾಡಿ. ತೂಕದ ಜೊತೆಗೆ, ಹೆದರದೆ ಪಂಕ್ತಿಯಲ್ಲಿ ಕೂರಲು ಆಗುತ್ತದೆಯೇ ಎಂಬುದನ್ನೂ ಅಳೆಯಿರಿ.

ಎಂ.ಡಿ. ವಿದ್ಯಾರ್ಥಿ, ಹುಬ್ಬಳ್ಳಿ

ಅಕ್ಕಾ, ದೀರ್ಘಕಾಲ ಹಿಂಬಾಲಿಸಿದ ಅಧ್ಯಯನಗಳು ಹೊರದೇಶಗಳಲ್ಲಿ ಕೆಲವಿವೆ. ಅಮೆರಿಕದ ಬಾಸ್ಟನ್ನಿನಲ್ಲಿ ಒಂದು ಗುಂಪನ್ನು ಇಪ್ಪತ್ತೆರಡು ವರ್ಷ ಗಮನಿಸಿದ ವರದಿ 2017ರಲ್ಲಿ ಬಂತು. ಅನೊರೆಕ್ಸಿಯಾ ಇದ್ದವರಲ್ಲಿ ಒಂಬತ್ತು ವರ್ಷದ ಹೊತ್ತಿಗೆ ಗುಣವಾದವರು ಶೇ 31ರಷ್ಟು, ಇಪ್ಪತ್ತೆರಡು ವರ್ಷದ ಹೊತ್ತಿಗೆ ಶೇ 63ರ ಹತ್ತಿರ. ಹತ್ತು ವರ್ಷವಾಯಿತು, ಇನ್ನು ಆಗದು ಎಂದು ಕೈಬಿಡುವ ವೈದ್ಯರಿಗೆ ಇದನ್ನು ಓದಿ ಹೇಳಬೇಕು. ತುಮಕೂರಿನ ಅಪ್ಪ, ನಿಮಗೂ ಇದನ್ನೇ ಹೇಳುವುದಿತ್ತು.

ಮತ್ತೊಂದು ಸುದ್ದಿ. ಈ ಚರ್ಚೆಯನ್ನು ನನ್ನ ಗೈಡ್‌ಗೆ ತೋರಿಸಿದೆ. ಕನ್ನಡದ ಪ್ರಶ್ನಾವಳಿಯೊಂದನ್ನೇ ಪ್ರಬಂಧದ ವಿಷಯವಾಗಿಸಬೇಕೆಂದಿದ್ದೇನೆ, ಅದು ಇನ್ನೂ ಒಪ್ಪಿಗೆಯಾಗಬೇಕಿದೆ. ‘ಈಟ್-26ರ ಅನುವಾದ ಬೇಡ, ಜನ ಆಡುವ ಮಾತಿನಿಂದಲೇ ಪ್ರಶ್ನೆ ಕಟ್ಟು, ಆಮೇಲೆ ಪರೀಕ್ಷಿಸು’ ಎಂದರು. ನೈತಿಕ ಸಮಿತಿಯ ಒಪ್ಪಿಗೆ ಸಿಗುವವರೆಗೆ ಇದು ಬರೀ ಕರಡು. ಪಾರಣೆಯ ಪ್ರಶ್ನೆ ಮೊದಲನೆಯದು. ಹಲ್ಲಿನ ಡಾಕ್ಟರು, ಗರಡಿ ಮನೆಯವರು, ಎಲ್ಲರೂ ನಿಮ್ಮ ಕಡೆಯ ಒಂದೊಂದು ಪ್ರಶ್ನೆ ಕಳುಹಿಸುತ್ತೀರಾ? ನಿಮ್ಮ ಊರಿನಲ್ಲಿ ಕೇಳುವ ಮಾತಿನಲ್ಲೇ ಇರಲಿ.

ಹಲ್ಲಿನ ಡಾಕ್ಟರು, ದಾವಣಗೆರೆ

‘ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತದೆಯೇನಮ್ಮಾ?’ ಅಣ್ಣನನ್ನು ಹೊರಗೆ ಕೂರಿಸಿದ ಮೇಲೆ.

ಗರಡಿ ಮನೆ

‘ಪಂದ್ಯ ಮುಗಿದ ದಿನ ರಾತ್ರಿ ಏನು ಉಂಡೆ? ಮರುದಿನ ಅದಕ್ಕೆ ಎಷ್ಟು ಓಡಿದೆ?’

ಅಂಗನವಾಡಿ ಟೀಚರ್, ರಾಯಚೂರು

ಹಾಸನದ ಅಮ್ಮ ಬರೆದದ್ದನ್ನು ಓದಿದ ಮೇಲೆ ನಾನು ಹುಡುಗಿಯರನ್ನು ಹೀಗೆ ಕೇಳತೊಡಗಿದ್ದೇನೆ: ‘ನಿನ್ನೆ ಮನೆಯಲ್ಲಿ ಎಲ್ಲರಿಗೂ ಬಡಿಸಿದ ಮೇಲೆ ನೀನು ಯಾವಾಗ ಕೂತೆ? ಯಾರ ಜೊತೆ ಕೂತೆ?’ ಹೆಚ್ಚಿನವರು ಥಟ್ಟನೆ ಹೇಳುತ್ತಾರೆ. ಮೊನ್ನೆ ಒಬ್ಬಳು ತಲೆ ತಗ್ಗಿಸಿ ಸುಮ್ಮನೆ ನಿಂತಳು. ನಾಳೆ ಅವಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಿದ್ದೇನೆ. ಎಂ.ಡಿ. ಅವರೇ, ಅಲ್ಲಿನ ಡಾಕ್ಟರಿಗೆ ನಾನು ಏನೆಂದು ಹೇಳಲಿ? ಇವತ್ತು ರಾತ್ರಿಯೊಳಗೆ ನಾಲ್ಕು ಸಾಲು ಬರೆದು ಕಳುಹಿಸಿ.